ದೇವೀರಮ್ಮ ಬಿಟ್ಟುಕೊಡದ ಪ್ರಶ್ನೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ರೇಷ್ಮೆ ನೂಲು ಬಿಚ್ಚುವ ಹೊಂಬಾಳಮ್ಮ. ಪುಷ್ಯ ಮಾಸದ ಒಂದು ಶುಕ್ರವಾರ, ಬೆಳಗಿನ ಪಾಳಿ ಮುಗಿಸಿ ಊಟ ಮಾಡುವ ಹೊತ್ತಿನಲ್ಲಿ, ತಾವು ಕೆಲಸ ಮಾಡುವ ಘಟಕದ ಅಂಗಳದ ಕಟ್ಟೆಯ ಮೇಲೆ ಕುಳಿತು ಹೇಳಿದರು. ಸುತ್ತ ಅವರ ಜೊತೆ ಕೆಲಸ ಮಾಡುವ ಏಳು ಮಂದಿ ಹೆಂಗಸರಿದ್ದರು. ಅವರೆಲ್ಲ ಕಥೆ ನಡೆದ ಊರಿನವರೇ, ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಒಬ್ಬರೂ ಎದ್ದು ಹೋಗಲಿಲ್ಲ. ಅನಂತರ ಇದೇ ಸಂಗತಿಯನ್ನು ಅಲ್ಲಿನ ಒಬ್ಬ ಬಡಗಿಯಿಂದಲೂ ನಿವೃತ್ತ ಅಂಚೆಯವರೊಬ್ಬರಿಂದಲೂ ಕೇಳಿ ಹೋಲಿಸಿ ನೋಡಿದ್ದೇನೆ. ಹೇಳಿಕೆಗಳು ಬೇರೆಯಾಗುವ ಕಡೆ ಅದನ್ನು ಸೂಚಿಸುತ್ತೇನೆ. ಊರಿನ ಹೆಸರು ಬರೆಯಬೇಡಿ ಎಂದು ಹೊಂಬಾಳಮ್ಮ ಕೇಳಿಕೊಂಡರು. ಆ ಮಾತನ್ನು ನಡೆಸಿದ್ದೇನೆ.

ಆ ಊರಿನಲ್ಲಿ ಒಂದು ಮನೆಯೊಳಗೆ ಪ್ರಶ್ನೆ ಎದ್ದರೆ, ಅದಕ್ಕೆ ಉತ್ತರ ಸಿಗುವವರೆಗೆ ಆ ಮನೆಯ ಬಾಗಿಲುಗಳು ಮುಚ್ಚುವುದಿಲ್ಲ. ಮುಂಬಾಗಿಲು, ಹಿತ್ತಿಲ ಬಾಗಿಲು, ಕೋಣೆಯ ಬಾಗಿಲು, ಯಾವುದೂ ಇದ್ದಲ್ಲಿಂದ ಅಲುಗುವುದಿಲ್ಲ. ಅಲ್ಲಿನ ಜನ ಇದಕ್ಕೆ ಎಂದೋ ಹೊಂದಿಕೊಂಡಿದ್ದರು. ಗಂಡ ತಡವಾಗಿ ಮನೆಗೆ ಬಂದರೆ ಹೆಂಡತಿ ಮೊದಲು ನಾಯಿಯನ್ನು ಕಟ್ಟಿ, ಹಾಲಿನ ಪಾತ್ರೆಯನ್ನು ಮೇಲೆತ್ತಿಟ್ಟು, ಆಮೇಲೆ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುತ್ತಿದ್ದಳು. ಹೆಣ್ಣು ನೋಡಲು ಬಂದವರನ್ನು ಹೆಣ್ಣಿನ ಕಡೆಯವರು ಒಪ್ಪಿಗೆಯೇ ಎಂದು ಕೇಳುತ್ತಿರಲಿಲ್ಲ. ಬಂದವರು ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಹೊರಟುಬಿಟ್ಟರೆ ಕಾಗದ ಬರುವವರೆಗೂ ಮನೆ ಬಟಾಬಯಲಾಗುತ್ತಿತ್ತು. ‘ನೋಡೋಣ’, ‘ಆಗಲಿ ಬಿಡಿ’ ಎಂಬಂಥ ಮಾತುಗಳು ಅಲ್ಲಿ ಬಳಕೆ ತಪ್ಪಿದ್ದವು. ಸುಳ್ಳು ಹೇಳಿದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಉತ್ತರವೇ, ಆದರೆ ನಿಜವಾಗಿ ಗೊತ್ತಿಲ್ಲದವರು ಹೇಳಿದಾಗ ಮಾತ್ರ. ಯಾರನ್ನು ಕೇಳಿದ್ದರೋ ಅವರೇ ಉತ್ತರಿಸಬೇಕು, ಹಲವರನ್ನು ಕೇಳಿದ್ದರೆ ಅವರಲ್ಲಿ ಒಬ್ಬರ ನಿಜವಾದ ಉತ್ತರ ಸಾಕು. ಇದಲ್ಲದೆ ಇನ್ನೊಂದು ದಾರಿಯಿತ್ತು. ಪ್ರಶ್ನೆ ಕೇಳಿದವರು ಬಾಗಿಲ ಚೌಕಟ್ಟಿನ ಮೇಲೆ ಅಂಗೈಯಿಟ್ಟು ‘ಬಿಟ್ಟೆ’ ಎಂದರೆ ಬಾಗಿಲು ಬಿಡುಗಡೆಯಾಗುತ್ತಿತ್ತು. ಆದರೆ ಹಾಗೆ ಬಿಟ್ಟ ಪ್ರಶ್ನೆ ಅವರ ನಾಲಿಗೆಯ ಮೇಲೆ ಮತ್ತೆಂದೂ ಏಳುತ್ತಿರಲಿಲ್ಲ.

ಕಥೆಗೆ ಮೂರು ವರ್ಷ ಮುಂಚೆ ನಡೆದ ಒಂದು ದುರಂತವನ್ನು ಇಲ್ಲಿ ಹೇಳಬೇಕು. ಊರ ಪಕ್ಕದ ಕಾಲುವೆಗೆ ಬೆಳಿಗ್ಗೆ ಹತ್ತಕ್ಕೆ ಸೈರನ್ ಕೂಗಿಸಿ, ಅರ್ಧ ಗಂಟೆ ಕಾದು, ಆಮೇಲೆ ನೀರು ಬಿಡುವುದು ಪದ್ಧತಿ. ಆ ದಿನ ಕಾಲುವೆಯ ಹೊಸ ಭಾಗದ ಉದ್ಘಾಟನೆ. ಕೆಳಗಡೆ ವೇದಿಕೆ ಹಾಕಿ, ಗಣ್ಯರನ್ನು ಕೂರಿಸಿ, ಬಾಗಿನಕ್ಕೆ ಮೊರಗಳನ್ನು ಜೋಡಿಸಿದ್ದರು. ಮುಹೂರ್ತ ಮೀರುತ್ತದೆಂದು ಯಾರೋ ಅವಸರಪಡಿಸಿದರು. ಸೈರನ್ ಕೂಗಲಿಲ್ಲ, ಒಂಬತ್ತೂವರೆಗೇ ಗೇಟು ತೆರೆಯಿತು. ರೇಷ್ಮೆ ಹುಳುವಿನ ತಟ್ಟೆಗಳನ್ನು ತೊಳೆಯಲು ಇಳಿದಿದ್ದ ನಾಲ್ವರು ಹೆಂಗಸರು ಕೊಚ್ಚಿಹೋದರು. ಅವರಲ್ಲಿ ಒಬ್ಬಳು ಊರಿನಲ್ಲಿ ರೇಷ್ಮೆ ಹುಳು ಸಾಕುವ ದೇವೀರಮ್ಮನ ತಂಗಿ ಮಾದೇವಿ. ತಟ್ಟೆಗಳು ತೇಲುತ್ತ ವೇದಿಕೆಯ ಮುಂದೆ ಬಂದಾಗ ಗಣ್ಯರು ಅವುಗಳನ್ನೂ ಬಾಗಿನವೆಂದು ತಿಳಿದು ಕೈಮುಗಿದರಂತೆ. ಇದನ್ನು ನನಗೆ ಕಥೆ ಹೇಳಿದ ಮೂವರೂ ಒಂದೇ ರೀತಿ ಹೇಳಿದರು.

ವಿಚಾರಣೆ ನಡೆಯಿತು. ಊರೊಳಗಲ್ಲ, ಎಲ್ಲೆಯಾಚೆಯ ಪ್ರವಾಸಿ ಮಂದಿರದಲ್ಲಿ. ಅಲ್ಲಿನ ಬಾಗಿಲುಗಳು ಬೇರೆಡೆಯ ಬಾಗಿಲುಗಳಂತೆಯೇ ಯಾರು ಏನು ಹೇಳಿದರೂ ಮುಚ್ಚಿಕೊಳ್ಳುತ್ತಿದ್ದವು. ತಪ್ಪೆಲ್ಲ ಗೇಟು ತೆರೆಯುವ ನೀರಗಂಟಿ ಕೆಂಪಸಿದ್ದನದೆಂದು ಬರೆದು ಅವನನ್ನು ಕೆಲಸದಿಂದ ತೆಗೆದರು. ದೇವೀರಮ್ಮ ಅವನ ಮನೆಗೇ ಹೋಗಿ, ನಿನಗೆ ಹೇಳಿದವರು ಯಾರು ಎಂದು ಕೇಳಿದ್ದಳು. ಫೋನು ಬಂತು, ಮೇಲಿನವರ ಮಾತು ಅಂದರು, ದನಿ ಯಾರದೋ ಗೊತ್ತಿಲ್ಲ ಎಂದು ಅವನು ಅತ್ತ. ಅವನ ಬಾಗಿಲು ತಾನೇ ತಾನಾಗಿ ಮುಚ್ಚಿಕೊಂಡಿತು. ಊರಿಗೆ ಅಷ್ಟು ಸಾಕಾಗಿತ್ತು. ಸರ್ಕಾರಕ್ಕೆ ಬಾಗಿಲಿನ ಸಾಕ್ಷಿ ನಡೆಯುವುದಿಲ್ಲ. ಅಂದಿನಿಂದ ಮುಖಂಡರಲ್ಲಿ ಒಬ್ಬರೂ ಆ ಊರಿನ ಯಾವ ಮನೆಯ ಹೊಸಿಲನ್ನೂ ದಾಟಲಿಲ್ಲ. ಸಭೆಗಳೆಲ್ಲ ಬಯಲಿಗೆ ಬಂದವು.

ಹೀಗಿರುವಾಗ ಚುನಾವಣೆ ಹತ್ತಿರವಾಯಿತು. ಆಳುವ ಪಕ್ಷದವರು ತಮ್ಮ ಅಭ್ಯರ್ಥಿಯನ್ನು ಈ ಸಲ ರಾಜಧಾನಿಯಲ್ಲಿ ಕುಳಿತು ಆರಿಸುವುದಿಲ್ಲ, ಕ್ಷೇತ್ರದ ಪಕ್ಷದ ಸದಸ್ಯರೇ ಮತ ಹಾಕಿ ಆರಿಸಲಿ ಎಂದು ಸಾರಿದರು. ಆಕಾಂಕ್ಷಿಗಳು ಮೂವರು: ಜಿಲ್ಲಾ ಪಂಚಾಯಿತಿಯ ಮಾಜಿ ಅಧ್ಯಕ್ಷ ಗಂಗಾಧರಯ್ಯ, ಕಂಟ್ರಾಕ್ಟರ್ ಉಮಾಪತಿ, ವಕೀಲೆ ಪ್ರಭಾಮಣಿ. ಮೂವರನ್ನೂ ಟೀವಿಯಲ್ಲಿ ಎದುರುಬದುರು ನಿಲ್ಲಿಸಿ ಚರ್ಚೆ ಮಾಡಿಸುವುದಾಗಿ ಪ್ರಕಟವಾಯಿತು, ವೀಕ್ಷಕರು ಪ್ರಶ್ನೆ ಬರೆದು ಕಳಿಸಬಹುದಿತ್ತು. ದೇವೀರಮ್ಮ ಒಂದು ಕಾರ್ಡು ಬರೆದು ಹಾಕಿದಳು. ಆ ಕಾರ್ಡಿಗೆ ತಾವೇ ಮುದ್ರೆ ಒತ್ತಿದ್ದಾಗಿ ಅಂಚೆಯವರು ನನಗೆ ಹೇಳಿದರು. ಬಾಗಿಲಿನ ವಿಚಾರ ಆಗ ಅವರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ. ಟೀವಿಯಲ್ಲಿ ದಿನವೂ ನೂರು ಪ್ರಶ್ನೆ ಕೇಳುತ್ತಾರೆ, ಬಾಗಿಲು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವೆಲ್ಲ ಹೊರಗಿನವರು ಹೊರಗಿನವರಿಗೆ ಕೇಳಿದ ಪ್ರಶ್ನೆಗಳಾಗಿದ್ದವು. ಈಗ ಕೇಳುತ್ತಿರುವವಳು ತಮ್ಮೂರಿನವಳು ಎಂಬುದನ್ನು ಇಡೀ ಊರು ಮರೆತಿತ್ತು.

ಚರ್ಚೆ ನಡೆದದ್ದು ಒಂದು ಭಾನುವಾರ ಬೆಳಿಗ್ಗೆ. ದೇವೀರಮ್ಮನ ಪ್ರಶ್ನೆ ಬರಬಹುದೆಂದು ಅಕ್ಕಪಕ್ಕದವರೆಲ್ಲ ಅವಳ ನಡುಮನೆಯಲ್ಲೇ ಸೇರಿದ್ದರು. ಒಳಕೋಣೆಯಲ್ಲಿ ನೂರು ಚಿಟ್ಟೆ ಇಟ್ಟ ಮೊಟ್ಟೆಗಳ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದಿತ್ತು. ಸೊಪ್ಪು ಮೇಯುವ ಸದ್ದು ಟೀವಿಯ ಸದ್ದಿನೊಂದಿಗೆ ಸೇರಿ ಕೇಳುತ್ತಿತ್ತು. ಇನ್ನು ಐದಾರು ದಿನ ಸರಿಯಾಗಿ ಮೇಯಿಸಿದರೆ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಆ ಐದಾರು ದಿನ ಕೋಣೆಯ ಬಾಗಿಲು ಭದ್ರವಾಗಿರಬೇಕು. ಊಜಿ ನೊಣ ಒಳಗೆ ಹೊಕ್ಕು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಅದರ ಮರಿ ಒಳಗಿಂದ ತಿಂದು ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ತೂತಾದ ಗೂಡಿನಿಂದ ನೂಲು ಬರುವುದಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ನಿರೂಪಕ ಕಾರ್ಡನ್ನು ಎತ್ತಿ ಓದಿದ: ಮೂರು ವರ್ಷದ ಹಿಂದೆ ಹೊತ್ತಿಗೆ ಮುಂಚೆ ಗೇಟು ತೆಗೆಸಿದವರು ಯಾರು? ಅಂದು ನೀವು ಮೂವರೂ ವೇದಿಕೆಯ ಮೇಲಿದ್ದಿರಿ. ಗಂಗಾಧರಯ್ಯನವರು ನೀರಿನ ಮಹತ್ವದಿಂದ ಆರಂಭಿಸಿ, ತಮ್ಮ ಅವಧಿಯಲ್ಲಿ ಎಷ್ಟು ಮೈಲಿ ಕಾಲುವೆಗೆ ಸಿಮೆಂಟು ಬಳಿಸಿದ್ದೇನೆಂದು ವಿವರಿಸಿದರು. ಉಮಾಪತಿಯವರು ತಾಯಂದಿರ ಕಣ್ಣೀರೇ ತಮ್ಮ ಕಣ್ಣೀರೆಂದು ಶಾಲಿನ ಅಂಚಿನಿಂದ ಒಣಗಿದ ಕಣ್ಣನ್ನು ಒರೆಸಿದರು. ಪ್ರಭಾಮಣಿಯವರು ಕಾನೂನಿನ ಮೇಲೆ ತಮಗಿರುವ ಗೌರವವನ್ನು ಹೇಳಿ, ಅಧ್ಯಕ್ಷರ ಮಗನ ಹೆಸರಿನಲ್ಲಿರುವ ಕಲ್ಲು ಗಣಿಯ ಕಡೆಗೆ ಬೆರಳು ತೋರಿದರು. ಆಮೇಲೆ ಮೂವರೂ ಒಟ್ಟಿಗೆ ಕಿರುಚಾಡಿದರು. ನಿರೂಪಕ ನಗುತ್ತ, ಚರ್ಚೆ ಬಿಸಿಯೇರಿದೆ, ಒಂದು ಸಣ್ಣ ವಿರಾಮ ಎಂದ. ಸತ್ತ ನಾಲ್ವರ ಮಾತು ಮುಗಿದಿತ್ತು. ಹಪ್ಪಳದ ಜಾಹೀರಾತು ಬಂತು.

ನಡುಮನೆ ಒಮ್ಮೆಲೇ ಮಾತಾಡತೊಡಗಿತು. “ಗೇಟು ತಗ್ಸಿದ್ದು ಯಾರ್ಲಾ ಅಂದ್ರೆ ಕಾಲ್ವೆ ಎಷ್ಟುದ್ದ ಅಂತಾನಲ್ಲ,” ಎಂದು ಹೊಂಬಾಳಮ್ಮನ ಗಂಡ ಟೀವಿಯ ಮುಖಕ್ಕೇ ಕೈಚಾಚಿದ. ಇನ್ನೊಬ್ಬಾಕೆ ಕಂಟ್ರಾಕ್ಟರ ಶಾಲಿನ ಮೇಲೆ ತನ್ನ ಶಾಪವನ್ನೆಲ್ಲ ಹಾಕಿದಳು. ವಕೀಲೆಯ ಮೇಲೆ ಆಸೆಯಿಟ್ಟುಕೊಂಡಿದ್ದವರಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಹೆಣ್ಣಾದವಳು ನಾಲ್ವರು ಹೆಣ್ಣುಗಳ ಹೆಸರನ್ನಾದರೂ ಎತ್ತಬಾರದಿತ್ತೇ ಎಂದು ಅವರು ಕೇಳುತ್ತಲೇ ಇದ್ದರು. ದೇವೀರಮ್ಮ ಎದ್ದು ಹುಳುವಿಗೆ ಸೊಪ್ಪು ಹಾಕಲು ಹೋದಳು. ಹಾಕಿ ಬಂದು ಕೋಣೆಯ ಬಾಗಿಲನ್ನು ಎಳೆದಳು. ಬಾಗಿಲು ಬರಲಿಲ್ಲ.

ಐದು ನಿಮಿಷದಲ್ಲಿ ಬೀದಿಯ ಎರಡು ಸಾಲಿನಿಂದಲೂ ಕೂಗು ಕೇಳಿತು. ಚರ್ಚೆಯನ್ನು ಹಾಕಿದ್ದ ಒಂದೊಂದು ಮನೆಯಲ್ಲೂ ಪ್ರಶ್ನೆ ಬಂದು ಕೂತಿತ್ತು, ಅಂದರೆ ಊರಿನ ಬಹುಪಾಲು ಮನೆಗಳಲ್ಲಿ. ಬಡಗಿ ನನಗೆ ಹೇಳಿದ: ಮಧ್ಯಾಹ್ನದೊಳಗೆ ಅರವತ್ತು ಮನೆಯವರು ಉಳಿ, ಸುತ್ತಿಗೆ ತೆಗೆದುಕೊಂಡು ಬಾ ಎಂದು ಕರೆದಿದ್ದರು. ಕೀಲು ಕಿತ್ತರೂ ಹಲಗೆ ಗಾಳಿಯಲ್ಲಿ ಹಾಗೆಯೇ ನಿಲ್ಲುತ್ತಿತ್ತು. ಮೊದಲ ದಿನ ಜನರ ಕೋಪ ತಿರುಗಿದ್ದು ದೇವೀರಮ್ಮನ ಮೇಲೆ. ಇದನ್ನು ಮರೆಮಾಚಲು ಹೊಂಬಾಳಮ್ಮ ಯತ್ನಿಸಲಿಲ್ಲ, ಮೊದಲು ಜಗಳಕ್ಕೆ ಹೋದವಳೇ ತಾನು ಎಂದರು. ಅವರ ಮಗನಿಗೆ ಮದುವೆಯಾಗಿ ಹನ್ನೊಂದು ದಿನವಾಗಿತ್ತು. “ಹೊಸ ಹೆಣ್ಣು ಗಂಡು ಬಾಗ್ಲಿಲ್ದ ಕೋಣೇಲಿ ಇರ್ಬೇಕೇನಕ್ಕ, ನಮ್ಮೆಮ್ಮೆ ಕೂಡ ಇಣುಕಿ ನೋಡ್ಕಂಡು ಹೋಗ್ತದೆ” ಎಂದು ಕೂಗಾಡಿದರಂತೆ. ಕಟ್ಟೆಯ ಮೇಲೆ ಕಥೆ ಕೇಳುತ್ತಿದ್ದ ಹೆಂಗಸರು ಇಲ್ಲಿ ನಕ್ಕರು, ಹೊಂಬಾಳಮ್ಮ ನಗಲಿಲ್ಲ.

ಮರುದಿನ ಪಕ್ಷದ ಊರ ಕಾರ್ಯದರ್ಶಿ ಪಾಪಣ್ಣ ದೇವೀರಮ್ಮನ ಮನೆಗೆ ಬಂದ. ಹೊಂಬಾಳಮ್ಮ ಆಗಲೂ ಅಲ್ಲೇ ಇದ್ದರು, ಹಿಂದಿನ ದಿನದ ಜಗಳವನ್ನು ಮುಂದುವರಿಸಲು. ಊರಿಗೆ ತೊಂದರೆಯಾಗಿದೆ, ಪಕ್ಷಕ್ಕೆ ಮುಜುಗರವಾಗಿದೆ, ಚೌಕಟ್ಟಿನ ಮೇಲೆ ಕೈಯಿಟ್ಟು ಬಿಟ್ಟೆ ಅಂದುಬಿಡು ಎಂದು ಅವನು ಮೆತ್ತಗೆ ಹೇಳಿದ. ಆಗಲೇ ಎರಡು ಊಜಿ ನೊಣ ತಟ್ಟೆಗಳ ಮೇಲೆ ಸುತ್ತುತ್ತಿದ್ದವು. ಪಾಪಣ್ಣ ಅವನ್ನು ನೋಡಿದ, ದೇವೀರಮ್ಮ ನೋಡುತ್ತಿರುವುದನ್ನೂ ನೋಡಿದ. “ಹುಳ ಉಳೀಬೇಕಾ, ಪ್ರಶ್ನೆ ಉಳೀಬೇಕಾ, ನೀನೇ ಹೇಳವ್ವ,” ಎಂದ.

ಅದೂ ಒಂದು ಪ್ರಶ್ನೆಯೇ, ಅವಳದೇ ಮನೆಯೊಳಗೆ ಕೇಳಿದ್ದು. ದೇವೀರಮ್ಮ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. “ಹುಳ ಮುಂದಿನ ಸಲ ಮತ್ತೆ ತರ್ಬೋದು ಪಾಪಣ್ಣ. ಇದನ್ನ ಒಂದ್ಸಲ ಬುಟ್ರೆ ಮತ್ತೆ ಕೇಳಕ್ಕಾಗಲ್ಲ.”

ಪಾಪಣ್ಣ ಏಳುತ್ತ, ಸತ್ತವರು ಹೇಗೂ ಬರುವುದಿಲ್ಲ, ಆ ಹೊತ್ತಿನಲ್ಲಿ ಕಾಲುವೆಗೆ ಇಳಿದದ್ದು ಅವರದೂ ತಪ್ಪೇ ಅಲ್ಲವೇ ಎಂದು ಸುಮ್ಮನೆ ಒಂದು ಮಾತು ಎಸೆದ. ಜಗಳಕ್ಕೆ ಬಂದಿದ್ದ ಹೊಂಬಾಳಮ್ಮನ ಮನಸ್ಸು ತಿರುಗಿದ್ದು ಆಗಲೇ. ಅವರು ಎದ್ದು ನಿಂತು, ಸೈರನ್ ಕೂಗದ ಕಾಲುವೆಯಲ್ಲಿ ತಟ್ಟೆ ತೊಳೆಯುವುದು ತಪ್ಪಾದರೆ ಊರಿನ ಒಂದೊಂದು ಹೆಂಗಸೂ ದಿನವೂ ಆ ತಪ್ಪು ಮಾಡಿದ್ದಾಳೆ, ನಿನ್ನ ಹೆಂಡತಿಯೂ ಮಾಡಿದ್ದಾಳೆ ಎಂದರು. ಪಾಪಣ್ಣನ ಹೆಂಡತಿ ಆ ದಿನ ನೆಗಡಿಯೆಂದು ಕಾಲುವೆಗೆ ಹೋಗಿರಲಿಲ್ಲ, ಅಷ್ಟೇ. ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಹೊಂಬಾಳಮ್ಮ ಮನೆಗೆ ಹೋಗಿ ಸೊಸೆಯ ಸೊಳ್ಳೆ ಪರದೆಯನ್ನೂ ತಮ್ಮ ಎರಡು ಹಳೆಯ ಸೀರೆಗಳನ್ನೂ ತಂದರು. ಸಂಜೆಯೊಳಗೆ ಹುಳುವಿನ ಕೋಣೆಯ ಬಾಗಿಲಿಗೆ ಮೂರು ಪದರ ಪರದೆ ಬಿತ್ತು. ದಿನಕ್ಕೆ ಐದು ಸಲ ಸೊಪ್ಪು ಒಯ್ಯಬೇಕು, ಪರದೆ ಎತ್ತಿದಾಗಲೆಲ್ಲ ಒಂದೆರಡು ನೊಣ ನುಗ್ಗುತ್ತವೆ. ಅದಕ್ಕಾಗಿ ಬೆಳಕು ಹರಿದಲ್ಲಿಂದ ಹೊತ್ತು ಮುಳುಗುವವರೆಗೆ ಇಬ್ಬಿಬ್ಬರು ಹೆಂಗಸರು ಬೀಸಣಿಗೆ ಹಿಡಿದು ಸರದಿಯಲ್ಲಿ ಕುಳಿತರು. ಹೊರಗೆ ಬೈಯುತ್ತಿದ್ದವರೇ ಒಬ್ಬೊಬ್ಬರಾಗಿ ಬೀಸಣಿಗೆ ಹಿಡಿದುಕೊಂಡು ಬಂದರು. ಕೆಂಪಸಿದ್ದ ದಿನವೂ ಸೊಪ್ಪು ಕೊಯ್ದು ತಂದು ಜಗಲಿಯ ಮೇಲೆ ಇಳಿಸಿ, ಒಳಗೆ ಬಾರದೆ ಹೋಗುತ್ತಿದ್ದ. ಸಿಟ್ಟು ಈಗ ಬೇರೆ ದಿಕ್ಕು ಹಿಡಿದಿತ್ತು. ನಾಲ್ಕು ಜನರ ಸಾವಿನ ಬಗ್ಗೆ ಕೇಳಿದರೆ ಸಿಮೆಂಟಿನ ಲೆಕ್ಕ ಹೇಳುವವರು ತಮ್ಮ ಮನೆಗಳನ್ನು ಹೀಗೆ ಬಯಲು ಮಾಡಿ ತಾವು ಬಾಗಿಲು ಹಾಕಿಕೊಂಡು ಮಲಗುತ್ತಾರಲ್ಲ ಎಂಬುದು ಎಲ್ಲರ ಬಾಯಲ್ಲೂ ಬಂತು. ಟೀವಿಯವರಿಗೆ ನೂರಾ ಹತ್ತು ಕಾರ್ಡು ಹೋದವು. ನಿಮ್ಮ ಅನಿಸಿಕೆಗೆ ಧನ್ಯವಾದ ಎಂಬ ಅಚ್ಚಿನ ಉತ್ತರ ಮುಂದಿನ ವಾರ ನೂರಾ ಹತ್ತು ಮನೆಗೆ ಬಂತು. ಅವನ್ನು ಹಂಚುವಾಗ ತಮಗೇ ನಾಚಿಕೆಯಾಯಿತೆಂದು ಅಂಚೆಯವರು ಹೇಳಿದರು.

ನಾಲ್ಕನೆಯ ದಿನ ಮೂವರು ಆಕಾಂಕ್ಷಿಗಳೂ ಒಟ್ಟಿಗೆ ಬಂದರು. (ಬಡಗಿ ಐದನೆಯ ದಿನ ಎನ್ನುತ್ತಾನೆ.) ಜೊತೆಗೆ ಟೀವಿಯ ವರದಿಗಾರ್ತಿ, ಕ್ಯಾಮೆರಾದವನು, ಒಂದು ಬುಟ್ಟಿ ಹಣ್ಣು. ನೊಂದ ಹೆಂಗಸು ನಾಯಕರ ಮಾತಿಗೆ ಮಣಿದು ಪ್ರಶ್ನೆಯನ್ನು ಕೈಬಿಡುವುದನ್ನು ತೋರಿಸಬೇಕೆಂಬುದು ಅವರ ಏರ್ಪಾಡು. ಯಾರ ಮಾತಿಗೆ ಮಣಿದಳು ಎನ್ನುವುದರಲ್ಲಿ ಮೂವರಿಗೂ ಪೈಪೋಟಿಯಿತ್ತು. ಒಳಗೆ ಬರಲು ಒಪ್ಪದೆ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡರು. ಬೀದಿ ತುಂಬ ಜನ ನೆರೆದರು. ದೇವೀರಮ್ಮ ಕೈಯಲ್ಲಿದ್ದ ಸೊಪ್ಪಿನ ಬುಟ್ಟಿಯನ್ನು ಇಳಿಸಿ ಹೊಸಿಲಿನ ಮೇಲೆ ನಿಂತಳು. ವರದಿಗಾರ್ತಿ ಮೈಕು ಹಿಡಿದು, ಚೌಕಟ್ಟಿನ ಮೇಲೆ ಕೈಯಿಡಿ ಎಂದು ಜಾಗ ತೋರಿಸಿದಳು. ದೇವೀರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

“ಗೇಟು ತಗ್ಸಿದ್ದು ಯಾರು, ಹೇಳಿ ಹೋಗಿ,” ಎಂದಳು.

ಉಮಾಪತಿ ಆ ಸೀಮೆಯಲ್ಲೇ ಹುಟ್ಟಿ ಬೆಳೆದವರು. ಆ ಊರಿನ ಬಾಗಿಲುಗಳನ್ನು ಬಲ್ಲವರು. ಅವರು ತಮ್ಮ ಮೊಬೈಲಿನಲ್ಲಿ ಏನನ್ನೋ ಓದತೊಡಗಿದರು. ಪ್ರಭಾಮಣಿ, ವಿಷಯ ನ್ಯಾಯಾಲಯದಲ್ಲಿರುವುದರಿಂದ ಮಾತಾಡುವುದು ಉಚಿತವಲ್ಲ ಎಂದರು. ಯಾವ ನ್ಯಾಯಾಲಯದಲ್ಲೂ ಅಂಥ ವಿಷಯವಿರಲಿಲ್ಲ. ಗಂಗಾಧರಯ್ಯನವರು ದೂರದ ಪಟ್ಟಣದವರು, ಬಾಗಿಲಿನ ಕಥೆಯನ್ನು ಹಳ್ಳಿಗಾಡಿನ ಮೂಢತನವೆಂದು ನಂಬಿದ್ದವರು. ಅವರು ಎದ್ದು ನಿಂತು, ಕ್ಯಾಮೆರಾದ ಕಡೆ ಮುಖಮಾಡಿ, ಎದೆಯ ಮೇಲೆ ಕೈಯಿಟ್ಟುಕೊಂಡರು. “ನನಗೆ ಗೊತ್ತಿಲ್ಲ ತಾಯಿ, ನನ್ನ ಮಕ್ಕಳಾಣೆಗೂ ಗೊತ್ತಿಲ್ಲ. ಉತ್ತರ ಸಿಕ್ತಲ್ಲ, ಇನ್ನು ಬಾಗಿಲು ಹಾಕ್ಕೊಳಿ.”

ಬಾಗಿಲು ಹಗುರವಾದ ಹಲಸಿನ ಹಲಗೆಯದು, ಮಗುವೂ ತಳ್ಳುವಂಥದು. ವರದಿಗಾರ್ತಿ ಹೊರಗಿನವಳು. ಅವಳು ನಗುತ್ತ ಒಂದು ಕೈಯಿಂದ ಅದನ್ನು ತಳ್ಳಿದಳು. ಆಮೇಲೆ ಎರಡೂ ಕೈಯಿಂದ ತಳ್ಳಿದಳು. ಕ್ಯಾಮೆರಾದವನು ಯಂತ್ರವನ್ನು ಕಟ್ಟೆಯ ಮೇಲಿಟ್ಟು ಬಂದು ಹೆಗಲು ಕೊಟ್ಟ. ಹಲಗೆ ಕೂದಲೆಳೆಯಷ್ಟೂ ಅಲುಗಲಿಲ್ಲ. ವರದಿಗಾರ್ತಿಯ ನಗು ನಿಂತುಹೋಯಿತು. ಅವಳು ತಿರುಗಿ ಅಧ್ಯಕ್ಷರ ಮುಖವನ್ನು ನೋಡಿದಳು. ಅವಳ ಹಿಂದೆ ಬೀದಿಯೆಲ್ಲ ಅದೇ ಮುಖವನ್ನು ನೋಡುತ್ತಿತ್ತು. ಅವರು ಕೈಯನ್ನು ಎದೆಯಿಂದ ತೆಗೆಯುವುದನ್ನು ಮರೆತಿದ್ದರು. ಆಗ ಜನರ ಹಿಂದಿನಿಂದ ಕೆಂಪಸಿದ್ದ ಹೇಳಿದ, “ದನಿ ಈಗ ಗುರ್ತು ಸಿಕ್ತು ಕಣಕ್ಕ. ಫೋನಲ್ಲೂ ಹಿಂಗೇ ಮಕ್ಳಾಣೆ ಹಾಕಿದ್ರು, ಏನೂ ಆಗಲ್ಲ ಬುಡು ಅಂತ.”

ಹಣ್ಣಿನ ಬುಟ್ಟಿಯನ್ನು ಬಿಟ್ಟು ಮೂವರೂ ಮೂರು ಕಾರು ಹತ್ತಿದರು. ಅಂದು ಸಂಜೆ ಟೀವಿಯಲ್ಲಿ ಬಂದದ್ದು ಅಧ್ಯಕ್ಷರು ಎದೆಯ ಮೇಲೆ ಕೈಯಿಟ್ಟುಕೊಂಡ ದೃಶ್ಯ ಮಾತ್ರ. ಬಾಗಿಲು ತಳ್ಳಿದ ಭಾಗವನ್ನು ಕತ್ತರಿಸಿದ್ದರು. ಕೆಂಪಸಿದ್ದನ ಹೇಳಿಕೆಯನ್ನು ಬರೆದುಕೊಳ್ಳಲು ಠಾಣೆಯವರು ಒಪ್ಪಲಿಲ್ಲ, ಕೆಲಸ ಕಳೆದುಕೊಂಡವನ ಹಗೆ ಎಂದರು.

ಪಕ್ಷದ ಮತದಾನ ಮರುವಾರ ಶಾಲೆಯಲ್ಲಿ ನಡೆಯಿತು. ಊರಿನ ಸದಸ್ಯರು ಮುನ್ನೂರ ಎಂಬತ್ತು ಮಂದಿ. ಒಬ್ಬರೂ ತಪ್ಪಿಸಿಕೊಳ್ಳದೆ ಹೋಗಿ, ಮತಪತ್ರದ ಮೂರೂ ಹೆಸರಿಗೆ ಅಡ್ಡಲಾಗಿ ಗೇಟು ತೆಗೆಸಿದ್ದು ಯಾರು ಎಂದು ಬರೆದು ಪೆಟ್ಟಿಗೆಗೆ ಹಾಕಿದರು. ಬರೆಯಲು ಬಾರದವರಿಗೆ ಅಂಚೆಯವರು ಕಲಿಸಿಕೊಟ್ಟಿದ್ದರಂತೆ. ಮುನ್ನೂರ ಎಂಬತ್ತು ಮತಗಳೂ ಅಸಿಂಧುವೆಂದು ಬದಿಗಿಟ್ಟರು. ಗಂಗಾಧರಯ್ಯನವರು ಇನ್ನೂರ ಹನ್ನೊಂದು ಮತಗಳಿಂದ ಗೆದ್ದರು, ಮುಂದೆ ಚುನಾವಣೆಯನ್ನೂ ಗೆದ್ದರು. ನಾನು ಎಷ್ಟೋ ಊರುಗಳಲ್ಲಿ ರಾಕ್ಷಸರ ಕಥೆಗಳನ್ನು ಬರೆದುಕೊಂಡಿದ್ದೇನೆ. ಅವುಗಳಲ್ಲಿ ಕೇಳಿದ್ದಕ್ಕೆ ಉತ್ತರ ಹೇಳದೆ ಮುಂದೆ ಹೋದ ರಾಕ್ಷಸ ಒಬ್ಬನೂ ನನಗೆ ಸಿಕ್ಕಿಲ್ಲ.

ದೇವೀರಮ್ಮನ ಹುಳು ಚರ್ಚೆ ನಡೆದ ಆರನೆಯ ದಿನವೇ ಹಣ್ಣಾಗಿತ್ತು. ಅಷ್ಟು ಜನ ಬೀಸಣಿಗೆ ಹಿಡಿದು ಕೂತಿದ್ದರೂ ಗೂಡಿನಲ್ಲಿ ಮೂರರಲ್ಲೊಂದು ಪಾಲು ತೂತಾಗಿತ್ತು. ಅವಳು ತೂತಾದವನ್ನು ಬೇರೆ ಮಾಡಿ ಮೊರದಲ್ಲಿ ಹಾಕಿ ಜಗಲಿಯ ಮೇಲಿಟ್ಟಳು.

ಗೆದ್ದವರ ಮೆರವಣಿಗೆ ಊರಿಗೂ ಬಂತು. ಬರದೆ ಇರುವಂತಿರಲಿಲ್ಲ, ನೇರ ರಸ್ತೆ ಅದೊಂದೇ. ತೆರೆದ ಜೀಪಿನಲ್ಲಿ ಹಾರ ಹಾಕಿಕೊಂಡು ನಿಂತ ಗಂಗಾಧರಯ್ಯನವರು ಎಡಕ್ಕೂ ಬಲಕ್ಕೂ ಕೈಮುಗಿಯುತ್ತ ಬಂದರು. ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಎರಡೂ ಸಾಲಿನ ಬಾಗಿಲುಗಳು ತೆರೆದಿದ್ದವು, ಒಳಗೆ ಜನ ತಮ್ಮ ಕೆಲಸದಲ್ಲಿದ್ದರು: ಅಕ್ಕಿ ಆರಿಸುವವರು, ಮಗುವಿಗೆ ಎಣ್ಣೆ ಹಚ್ಚುವವರು, ಉಣ್ಣುತ್ತಿರುವವರು. ಜೀಪು ತಮ್ಮ ಮನೆಯ ಮುಂದೆ ಬಂದಾಗ ಕೆಲಸ ನಿಲ್ಲಿಸಿ ತಲೆಯೆತ್ತಿ ನೋಡಿದರು. ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ನಾನೂರು ಮನೆಯ ಒಳಗಿನಿಂದ ಹೀಗೆ ನೋಡಿಸಿಕೊಂಡು ಅವರು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಕುಳಿತುಬಿಟ್ಟಿದ್ದರು, ಹಾರವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಅಂದಿನಿಂದ ಅವರು ಯಾವ ಊರಿಗೆ ಹೋದರೂ ಈ ಊರನ್ನು ತಪ್ಪಿಸಿ ಸುತ್ತುಬಳಸಿನ ಹಾದಿ ಹಿಡಿಯುತ್ತಾರಂತೆ. ದಾರಿ ಮೂವತ್ತು ಮೈಲಿ ಹೆಚ್ಚಾಗುತ್ತದೆ.

ಇದೆಲ್ಲ ನಡೆದು ಏಳು ವರ್ಷವಾಗಿದೆ, ಬಾಗಿಲುಗಳು ಇನ್ನೂ ಮುಚ್ಚಿಲ್ಲ ಎಂದು ಹೊಂಬಾಳಮ್ಮ ಹೇಳಿದರು. ಮಗ ಸೊಸೆಗೆ ಈಗ ಇಬ್ಬರು ಮಕ್ಕಳು, ಪರದೆಯ ಕೋಣೆಯಲ್ಲೇ ಹುಟ್ಟಿದವರು. ದೇವೀರಮ್ಮ ವರ್ಷಕ್ಕೆ ಐದು ಸಲ ಹುಳು ತರುತ್ತಾಳೆ, ಹೆಂಗಸರು ಸರದಿಯಲ್ಲಿ ಬೀಸಣಿಗೆ ಹಿಡಿಯುತ್ತಾರೆ. ಊರಿನ ಬೇರೆಲ್ಲ ಮನೆಗಳವರೂ ಹುಳುವಿನ ಕೋಣೆಗೆ ಈಗ ಅದೇ ಪದ್ಧತಿ ಇಟ್ಟುಕೊಂಡಿದ್ದಾರೆ. ಹೊಸ ಮನೆ ಕಟ್ಟುವವರೂ ಬಾಗಿಲು ಇಡಿಸುತ್ತಾರೆ, ಒಂದು ದಿನ ಬೇಕಾದೀತು ಎಂದು. ಬಿಟ್ಟುಬಿಡು ಎಂದು ಅವಳಿಗೆ ಹೇಳಿದವರು ಆಮೇಲೆ ಯಾರಾದರೂ ಇದ್ದಾರೆಯೇ ಎಂದು ನಾನು ಕೇಳಿದೆ. ಹೊಂಬಾಳಮ್ಮ ಕೂಡಲೇ ಉತ್ತರಿಸಿದರು.

“ಒಬ್ರೂ ಇಲ್ಲ. ಅವಳೊಬ್ಳದೇ ಅಲ್ವಲ್ಲ ಈಗ ಅದು.”

ಒಳಗೆ ಗೂಡು ಬೇಯಿಸುವ ನೀರು ಕುದಿ ಬಂದ ಸದ್ದಾಯಿತು. ಆದರೆ ಅಂದು ಮಧ್ಯಾಹ್ನದ ಕೆಲಸ ಬೇರೆ ಪಾಳಿಯವರದು. ಹೆಂಗಸರು ಊಟದ ಡಬ್ಬಿಗಳನ್ನು ತೊಳೆದು, ಸೆರಗು ಕೊಡವಿಕೊಂಡು, ಒಬ್ಬೊಬ್ಬರಾಗಿ ಎದ್ದರು. ದೇವೀರಮ್ಮನ ಮನೆಯಲ್ಲಿ ಬೀಸಣಿಗೆಯ ಸರದಿಯಿದ್ದ ಇಬ್ಬರು ಮುಂದೆ ಬೇಗ ಬೇಗ ನಡೆದರು. ಉಳಿದವರು ಬಿಸಿಲಿಗೆ ತಲೆಯ ಮೇಲೆ ಸೆರಗು ಎಳೆದುಕೊಂಡು ತಂತಮ್ಮ ಮನೆಯ ಕಡೆ ಹೋದರು.